ಐದು ವರ್ಷ ಮಿಲಿಟರಿ ಕೈಗೆ ಕೊಟ್ಟರೆ?

ಪ್ರಶ್ನೆ: ನಾನು ಮಡಿಕೇರಿಯಲ್ಲಿ ಪದವಿ ಓದುತ್ತಿರುವ ವಿದ್ಯಾರ್ಥಿನಿ. ನಮ್ಮ ತಂದೆ ಸೇನೆಯಲ್ಲಿ ಸುಬೇದಾರ್ ಆಗಿ ನಿವೃತ್ತರಾದವರು, ಕಾರ್ಗಿಲ್ ಯುದ್ಧದ ವರ್ಷವೂ ಸೇವೆಯಲ್ಲಿದ್ದರು. ಟಿವಿಯಲ್ಲಿ ಹಗರಣದ ಸುದ್ದಿ ಬಂದಾಗಲೆಲ್ಲ "ಐದು ವರ್ಷ ಮಿಲಿಟರಿ ಕೈಗೆ ಕೊಡಬೇಕು, ಎಲ್ಲಾ ಸರಿಹೋಗುತ್ತೆ" ಅನ್ನುತ್ತಾರೆ. ನನಗೆ ಒಪ್ಪಿಗೆಯಾಗುವುದಿಲ್ಲ, ಆದರೆ ಏನು ಉತ್ತರ ಕೊಡಬೇಕೆಂದೂ ತೋಚುವುದಿಲ್ಲ. ಪಾಕಿಸ್ತಾನ, ಮ್ಯಾನ್ಮಾರ್‌ನಂಥ ದೇಶಗಳಲ್ಲಿ ಸೇನೆ ಪದೇ ಪದೇ ಅಧಿಕಾರ ಹಿಡಿಯುವುದು ಯಾಕೆ? ನಮ್ಮಲ್ಲಿ ಯಾಕೆ ಆಗಲಿಲ್ಲ? ನಿಜಕ್ಕೂ ಅದರಿಂದ ಪ್ರಜಾಪ್ರಭುತ್ವಕ್ಕೆ ಅಷ್ಟೊಂದು ನಷ್ಟವೇ?

ಉತ್ತರ: ಮೊದಲಿಗೆ, ನಿಮ್ಮ ತಂದೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ರಾಜ್ಯಶಾಸ್ತ್ರ ಪಾಠ ಮಾಡಿದ ಮೂವತ್ತು ವರ್ಷಗಳಲ್ಲಿ ಆ ಮಾತನ್ನು ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ ಕೇಳಿದ್ದೇನೆ. ಅದರ ಹಿಂದೆ ಇರುವುದು ಸರ್ವಾಧಿಕಾರದ ಆಸೆಯಲ್ಲ, ಬೇಸರ. ಸರಿಯಾದ ಹೊತ್ತಿಗೆ ಏಳುವ, ಲೆಕ್ಕ ಒಪ್ಪಿಸುವ, ಹೇಳಿದ ಕೆಲಸ ಮಾಡಿ ಮುಗಿಸುವ ಒಂದು ಸಂಸ್ಥೆಯಲ್ಲಿ ಬದುಕು ಸವೆಸಿದವರಿಗೆ ಹೊರಗಿನ ಅವ್ಯವಸ್ಥೆ ಕಂಡರೆ ಹೊಟ್ಟೆ ಉರಿಯುತ್ತದೆ. ಪಾಕಿಸ್ತಾನದ ಜನ 1958ರಲ್ಲಿ ಸೇನೆಯನ್ನು ಸ್ವಾಗತಿಸಿದ್ದೂ ಇದೇ ಬೇಸರದಿಂದ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಅದಕ್ಕೂ ಮುಂಚೆ ಪದದ ಬಗ್ಗೆ ಒಂದು ಮಾತು. ಸೇನೆ ಸರ್ಕಾರವನ್ನು ಕಿತ್ತುಕೊಳ್ಳುವುದನ್ನು ಪತ್ರಿಕೆಗಳು ‘ಕ್ಷಿಪ್ರಕ್ರಾಂತಿ’ ಎಂದು ಬರೆಯುತ್ತವೆ. ನನಗೆ ಆ ಪದ ಒಗ್ಗುವುದಿಲ್ಲ. ಕ್ರಾಂತಿಯಾದರೆ ಜನ ಬೀದಿಗೆ ಬಂದಿರುತ್ತಾರೆ. ಇಲ್ಲಿ ಜನ ಮಲಗಿರುತ್ತಾರೆ, ಬೆಳಗ್ಗೆ ಎದ್ದು ರೇಡಿಯೋ ಹಾಕಿದಾಗ ಸರ್ಕಾರ ಬದಲಾಗಿರುತ್ತದೆ. ‘ಸೇನಾ ದಂಗೆ’ ಎಂಬುದೂ ಅರ್ಧ ಸರಿ. ದಂಗೆ ಏಳುವವರು ಕೆಳಗಿನವರು. ಆದರೆ ಬಹಳಷ್ಟು ಸಲ ಸೈನಿಕರು ತಮ್ಮ ಮೇಲಧಿಕಾರಿಯ ಆದೇಶವನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದಲೇ ಸರ್ಕಾರ ಉರುಳಿರುತ್ತದೆ. ಶಿಸ್ತು ಮುರಿದದ್ದು ತೀರಾ ಮೇಲಿನ ನಾಲ್ಕೈದು ಜನ ಮಾತ್ರ.

1947ರಲ್ಲಿ ಒಂದೇ ಸೇನೆ ಎರಡಾಯಿತು. ಒಂದೇ ತರಬೇತಿ, ಒಂದೇ ಮೆಸ್ಸಿನ ರೀತಿ ರಿವಾಜು, ಒಂದೇ ಬ್ರಿಟಿಷ್ ಶಿಸ್ತು. ನಿಮ್ಮ ಕೊಡಗಿನ ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದರು. ಎರಡು ವರ್ಷದ ನಂತರ, 1951ರ ಜನವರಿಯಲ್ಲಿ, ಅಯೂಬ್ ಖಾನ್ ಪಾಕಿಸ್ತಾನ ಸೇನೆಯ ಮೊದಲ ಪಾಕಿಸ್ತಾನಿ ದಂಡನಾಯಕರಾದರು. ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಅಧಿಕಾರಿ ಅವರು. ಸ್ವಭಾವದಲ್ಲಿ ಒಬ್ಬರು ದೇವರು, ಇನ್ನೊಬ್ಬರು ರಾಕ್ಷಸ ಎಂದೇನೂ ಇರಲಿಲ್ಲ. ವ್ಯತ್ಯಾಸವಿದ್ದದ್ದು ಸುತ್ತಲಿನ ಗೋಡೆಗಳಲ್ಲಿ.

ಪಾಕಿಸ್ತಾನದ ಪಾಲಿಗೆ ಹಳೆಯ ಸೇನೆಯ ಸುಮಾರು ಮೂರನೇ ಒಂದು ಭಾಗ ಬಂತು. ಅದನ್ನು ಸಾಕುವಷ್ಟು ಆದಾಯ ಬರಲಿಲ್ಲ. ಕಾಶ್ಮೀರದ ಯುದ್ಧ ಬೇರೆ ಬೆನ್ನಿಗೇ ಬಂತು. ಹುಟ್ಟಿದ ದಿನದಿಂದಲೇ ಬೊಕ್ಕಸದ ದೊಡ್ಡ ಪಾಲು ಸೇನೆಗೆ ಹೋಯಿತು. ಇನ್ನೊಂದು ಕಡೆ, ದೇಶ ಕಟ್ಟಿದ ಮುಸ್ಲಿಂ ಲೀಗಿನ ಬೇರು ಇದ್ದದ್ದು ಹೆಚ್ಚಾಗಿ ಭಾರತದಲ್ಲೇ ಉಳಿದ ಪ್ರಾಂತಗಳಲ್ಲಿ. ಜಿನ್ನಾ 1948ರಲ್ಲಿ ತೀರಿಕೊಂಡರು. ಪ್ರಧಾನಿ ಲಿಯಾಕತ್ ಅಲಿ ಖಾನ್ 1951ರ ಅಕ್ಟೋಬರ್‌ನಲ್ಲಿ ರಾವಲ್ಪಿಂಡಿಯ ಸಭೆಯೊಂದರಲ್ಲಿ ಗುಂಡಿಗೆ ಬಲಿಯಾದರು. ಆಮೇಲೆ ಏಳು ವರ್ಷದಲ್ಲಿ ಆರು ಪ್ರಧಾನಿಗಳು. ಅದರಲ್ಲೊಬ್ಬರು, ಚುಂದ್ರಿಗರ್, ಕುರ್ಚಿಯಲ್ಲಿ ಕೂತದ್ದು ಎರಡೇ ತಿಂಗಳು. ಆ ಏಳು ವರ್ಷವೂ ದಂಡನಾಯಕ ಮಾತ್ರ ಒಬ್ಬರೇ.

ಈಗ ಬಾಗಿಲು ಯಾರು ತೆಗೆದರು ನೋಡಿ. 1953ರಲ್ಲಿ ಲಾಹೋರಿನಲ್ಲಿ ಅಹ್ಮದೀಯ ಪಂಗಡದವರ ವಿರುದ್ಧ ಗಲಭೆ ಎದ್ದಿತು. ಕೆಲವು ರಾಜಕಾರಣಿಗಳೇ ಬೆಂಕಿಗೆ ಗಾಳಿ ಹಾಕಿದ್ದರು. ಕೊನೆಗೆ ಸೇನೆಯನ್ನು ಕರೆದು, ಆ ಒಂದು ನಗರಕ್ಕೆ ಮಾರ್ಷಲ್ ಲಾ, ಅಂದರೆ ಸೇನಾ ಆಡಳಿತ, ಹಾಕಿದರು. ಸೇನೆ ಗಲಭೆ ಅಡಗಿಸಿತು. ಅಷ್ಟಕ್ಕೇ ನಿಲ್ಲದೆ ಸುಮಾರು ಎರಡು ತಿಂಗಳು ಉಳಿದು ಬೀದಿ ಗುಡಿಸಿ, ಕಸ ಎತ್ತಿ, ಊರನ್ನು ಚೊಕ್ಕಟ ಮಾಡಿತು. ಜನ ಮೆಚ್ಚಿದರು. ಸೇನೆಗೂ ಒಂದು ವಿಷಯ ತಿಳಿಯಿತು: ಈ ಕೆಲಸ ತಮಗೆ ಬರುತ್ತದೆ, ಜನರಿಗೂ ಬೇಕಾಗಿದೆ.

ಅದೇ ವರ್ಷ ಗವರ್ನರ್ ಜನರಲ್ ಗುಲಾಂ ಮೊಹಮ್ಮದ್ ಪ್ರಧಾನಿ ನಾಜಿಮುದ್ದೀನ್ ಅವರನ್ನು ಮನೆಗೆ ಕಳಿಸಿದರು. ಮರುವರ್ಷ ಸಂವಿಧಾನ ಸಭೆಯನ್ನೇ ವಿಸರ್ಜಿಸಿದರು. ಹೊಸ ಸಂಪುಟದಲ್ಲಿ ರಕ್ಷಣಾ ಸಚಿವರಾಗಿ ಬಂದವರು ಯಾರು? ಇನ್ನೂ ಸಮವಸ್ತ್ರ ಕಳಚದ, ಹಾಲಿ ದಂಡನಾಯಕ ಅಯೂಬ್ ಖಾನ್. ಸಭೆಯ ಅಧ್ಯಕ್ಷ ತಮೀಜುದ್ದೀನ್ ಖಾನ್ ಕೋರ್ಟಿಗೆ ಹೋದರು. ಸಿಂಧ್‌ನ ನ್ಯಾಯಾಲಯ ಅವರ ಪರ ನಿಂತಿತು. ಮೇಲಿನ ಫೆಡರಲ್ ಕೋರ್ಟ್, ಮುಖ್ಯ ನ್ಯಾಯಮೂರ್ತಿ ಮುನೀರ್ ಅವರ ನೇತೃತ್ವದಲ್ಲಿ, 1955ರಲ್ಲಿ ಆ ತೀರ್ಪನ್ನು ತಿರುವಿಹಾಕಿತು. ನಂತರ ಅದೇ ಕೋರ್ಟಿನಲ್ಲಿ ‘ಅನಿವಾರ್ಯತೆಯ ಸಿದ್ಧಾಂತ’ ಹುಟ್ಟಿತು. ಕಾನೂನಿಗೆ ವಿರುದ್ಧವಾದದ್ದೂ ಅನಿವಾರ್ಯವಾದರೆ ಕಾನೂನೇ ಎಂಬ ವಾದ ಅದು. ಆ ದೇಶದ ಮುಂದಿನ ಐವತ್ತು ವರ್ಷದ ದುಃಖವೆಲ್ಲ ಆ ಒಂದು ಸಾಲಿನಲ್ಲಿದೆ.

ಇಷ್ಟು ಹೊತ್ತಿಗೂ ಸರ್ಕಾರ ಕೆಡವಲೆಂದು ಸೇನೆ ಒಂದು ಗುಂಡು ಹಾರಿಸಿರಲಿಲ್ಲ, ಒಂದು ಟ್ಯಾಂಕ್ ಬೀದಿಗಿಳಿಸಿರಲಿಲ್ಲ. ಸೇನೆ ಏನೂ ಒಡೆಯಲಿಲ್ಲ. ಒಡೆದದ್ದನ್ನು ಪಕ್ಕದಲ್ಲಿ ನಿಂತು ನೋಡಿತ್ತು.

1958ರ ಅಕ್ಟೋಬರ್ 7ರ ರಾತ್ರಿ ಸಂವಿಧಾನ ರದ್ದು ಮಾಡಿ ಮಾರ್ಷಲ್ ಲಾ ಘೋಷಿಸಿದವರೂ ಅಯೂಬ್ ಅಲ್ಲ, ಅಧ್ಯಕ್ಷ ಇಸ್ಕಂದರ್ ಮಿರ್ಜಾ. ಮರುವರ್ಷದ ಆರಂಭಕ್ಕೆ ದೇಶದ ಮೊದಲ ಸಾರ್ವತ್ರಿಕ ಚುನಾವಣೆ ನಡೆಯಬೇಕಿತ್ತು. ಅದು ನಡೆದರೆ ತಮ್ಮ ಕುರ್ಚಿ ಉಳಿಯುವುದಿಲ್ಲವೆಂಬುದು ಮಿರ್ಜಾರಿಗೆ ಗೊತ್ತಿತ್ತು. ಅಯೂಬ್‌ರನ್ನು ಮಾರ್ಷಲ್ ಲಾ ಆಡಳಿತಗಾರರನ್ನಾಗಿ ಮಾಡಿಕೊಂಡು, ಸೇನೆಯನ್ನು ಮುಂದಿಟ್ಟುಕೊಂಡು ತಾವೇ ಆಳಬಹುದೆಂದು ಎಣಿಸಿದರು. ಆ ಎಣಿಕೆ ಇಪ್ಪತ್ತು ದಿನ ಬಾಳಿತು. ಅಕ್ಟೋಬರ್ 27ರಂದು ಅಯೂಬ್ ಅವರಿಗೆ ಪ್ರಧಾನಿಯಾಗಿ ಪ್ರಮಾಣವಚನ ಬೋಧಿಸಿದವರು ಇದೇ ಮಿರ್ಜಾ. ಅದೇ ರಾತ್ರಿ ಅಯೂಬ್ ಕಳಿಸಿದ ಮೂವರು ಜನರಲ್‌ಗಳು ಅಧ್ಯಕ್ಷರ ಮನೆಗೆ ಹೋಗಿ ರಾಜೀನಾಮೆಗೆ ಸಹಿ ಹಾಕಿಸಿಕೊಂಡರು. ಮಿರ್ಜಾ ಲಂಡನ್ನಿಗೆ ಹೋದರು. 1969ರಲ್ಲಿ ಅಲ್ಲೇ ತೀರಿಕೊಂಡಾಗ ಸ್ವಂತ ದೇಶದಲ್ಲಿ ಮಣ್ಣಾಗಲು ಅಲ್ಲಿನ ಮಿಲಿಟರಿ ಸರ್ಕಾರ ಬಿಡಲಿಲ್ಲ, ಟೆಹರಾನಿನಲ್ಲಿ ಹೂಳಬೇಕಾಯಿತು.

ಆ ಅಕ್ಟೋಬರ್ 27ರಂದೇ ಸುಪ್ರೀಂ ಕೋರ್ಟ್ ದೋಸ್ಸೋ ಎಂಬಾತನ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಯುರೋಪಿನ ಕಾನೂನು ಪಂಡಿತ ಹಾನ್ಸ್ ಕೆಲ್ಸನ್‌ರ ವಾದವನ್ನು ಆಧರಿಸಿ, ಗೆದ್ದ ಕ್ರಾಂತಿ ತಾನೇ ಕಾನೂನನ್ನು ಹುಟ್ಟಿಸುತ್ತದೆ ಎಂದಿತು. ಅಂದರೆ ಗೆದ್ದವನೇ ನ್ಯಾಯ. 1972ರಲ್ಲಿ ಅದೇ ಸುಪ್ರೀಂ ಕೋರ್ಟ್ ಈ ತೀರ್ಪು ತಪ್ಪು, ಅಯೂಬ್ ನಂತರ ಬಂದ ಜನರಲ್ ಯಾಹ್ಯಾ ಖಾನ್ ಅಧಿಕಾರ ಕಸಿದುಕೊಂಡವರು ಎಂದು ಧೈರ್ಯವಾಗಿ ಹೇಳಿತು. ಆಗ ಯಾಹ್ಯಾ ಅಧಿಕಾರ ಕಳೆದುಕೊಂಡಾಗಿತ್ತು, ಪೂರ್ವ ಪಾಕಿಸ್ತಾನ ಕೈಬಿಟ್ಟು ಹೋಗಿತ್ತು.

ನಿಮ್ಮ ‘ಯಾಕೆ’ ಎಂಬ ಪ್ರಶ್ನೆಗೆ ನನ್ನ ಉತ್ತರ ಇದೇ. ಸೇನೆ ಬಲಶಾಲಿಯಾದ್ದರಿಂದ ಸರ್ಕಾರ ಬೀಳುವುದಲ್ಲ. ಬಲ ಎಲ್ಲ ದೇಶದ ಸೇನೆಗೂ ಇದೆ; ಬಂದೂಕು ಎದುರಿಗೆ ಬಂದರೆ ಯಾವ ವಿಧಾನಸೌಧವೂ ಅರ್ಧ ಗಂಟೆ ನಿಲ್ಲಲಾರದು. ಸೇನೆ ಒಳಗೆ ಬರುವುದು ಒಳಗಿನವರು ಚಿಲಕ ತೆಗೆದಿಟ್ಟಾಗ. ಚುನಾವಣೆಗೆ ಹೆದರುವ ಅಧ್ಯಕ್ಷ, ಎದುರಾಳಿಯನ್ನು ಮಟ್ಟ ಹಾಕಲು ಜನರಲ್‌ನ ಮನೆಗೆ ಎಡತಾಕುವ ನಾಯಕ, ಅನಿವಾರ್ಯ ಎಂದು ಬರೆದುಕೊಡುವ ನ್ಯಾಯಮೂರ್ತಿ, ಬೇಸತ್ತು ಸಿಹಿ ಹಂಚುವ ಜನ, ಇವರೆಲ್ಲ ಸೇರಿ ತೆಗೆದ ಚಿಲಕ ಅದು.

ಇದಕ್ಕೆ ಕೂಡಿಕೊಳ್ಳುವ ಕಾರಣಗಳು ಇನ್ನೂ ಇವೆ. ಬಡ ದೇಶಗಳಲ್ಲಿ ಇದು ಹೆಚ್ಚು. ಒಮ್ಮೆ ಆದ ಕಡೆ ಮತ್ತೊಮ್ಮೆ ಆಗುವುದು ಇನ್ನೂ ಹೆಚ್ಚು; ಮಾಲಿಯಲ್ಲಿ 2020ರಲ್ಲಿ ಆಗಿ 2021ರಲ್ಲಿ ಮತ್ತೆ ಆಯಿತು, ಬುರ್ಕಿನಾ ಫಾಸೋದಲ್ಲಿ 2022 ಒಂದೇ ವರ್ಷದಲ್ಲಿ ಎರಡು ಸಲ. ಸೇನೆಯ ಸ್ವಂತ ಹಿತವೂ ಉಂಟು: ಬಜೆಟ್, ಬಡ್ತಿ, ಭೂಮಿ, ವ್ಯಾಪಾರ. ಮ್ಯಾನ್ಮಾರ್‌ನ ಸೇನೆಯ ಕೈಯಲ್ಲಿ ಬ್ಯಾಂಕಿನಿಂದ ರತ್ನದ ಗಣಿಯವರೆಗೆ ಚಾಚಿಕೊಂಡ ಎರಡು ಭಾರೀ ಕಂಪನಿ ಸಮೂಹಗಳಿವೆ. 2008ರಲ್ಲಿ ತಾನೇ ಬರೆಸಿದ ಸಂವಿಧಾನದಲ್ಲಿ ಸಂಸತ್ತಿನ ನಾಲ್ಕನೇ ಒಂದು ಸ್ಥಾನ ಸಮವಸ್ತ್ರದವರಿಗೇ ಮೀಸಲಿಟ್ಟುಕೊಂಡಿತ್ತು. ತಿದ್ದುಪಡಿಗೆ ಮುಕ್ಕಾಲಿಗಿಂತ ಹೆಚ್ಚು ಮತ ಬೇಕು, ಅಂದರೆ ಸೇನೆ ಒಪ್ಪದೆ ಒಂದು ಅಕ್ಷರವೂ ಬದಲಾಗದು. ಇಷ್ಟಿದ್ದೂ 2020ರ ನವೆಂಬರ್ ಚುನಾವಣೆಯಲ್ಲಿ ಆಂಗ್ ಸಾನ್ ಸೂಕಿ ಅವರ ಪಕ್ಷ 476ರಲ್ಲಿ 396 ಸ್ಥಾನ ಗೆದ್ದಾಗ, ಸೇನೆಯ ಬೆಂಬಲದ ಪಕ್ಷಕ್ಕೆ 33 ಸಿಕ್ಕಿದಾಗ, ಜನರಲ್‌ಗಳಿಗೆ ನಿದ್ದೆ ಬರಲಿಲ್ಲ. ಸೇನಾ ಮುಖ್ಯಸ್ಥ ಮಿನ್ ಆಂಗ್ ಲೈಂಗ್ ಅವರಿಗೆ 2021ರ ಜುಲೈನಲ್ಲಿ 65 ತುಂಬಿ ನಿವೃತ್ತಿಯಾಗಬೇಕಿತ್ತು ಎಂಬುದನ್ನೂ ಮರೆಯಬೇಡಿ. ಹೊಸ ಸಂಸತ್ತು ಸೇರಬೇಕಿದ್ದ ಫೆಬ್ರವರಿ 1ರ ಬೆಳಗಿನ ಜಾವವೇ ಬಂಧನ ಶುರುವಾಯಿತು.

ಆ ವಾರದ ಸುದ್ದಿಚಿತ್ರಗಳಲ್ಲಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವುದು ಯಾಂಗೂನಿನ ರಾತ್ರಿ ಎಂಟು ಗಂಟೆ. ಜನ ಬಾಲ್ಕನಿಗೆ, ಮನೆ ಬಾಗಿಲಿಗೆ ಬಂದು ಪಾತ್ರೆ, ತಟ್ಟೆ, ಬಾಣಲೆ ಬಡಿದರು. ಮನೆಗೆ ಹೊಕ್ಕ ಕೆಟ್ಟ ಶಕ್ತಿಯನ್ನು ಓಡಿಸಲು ಅವರ ಹಿರಿಯರು ಮಾಡುತ್ತಿದ್ದ ಪದ್ಧತಿ ಅದು. ಅಲ್ಲಿ ಯಾರೂ ಸಿಹಿ ಹಂಚಲಿಲ್ಲ. ಅರ್ಧ ಶತಮಾನ ಅನುಭವಿಸಿದ್ದರಿಂದ ಜನಕ್ಕೆ ಗೊತ್ತಿತ್ತು.

ಇನ್ನು ಸೇನೆ ಅಧಿಕಾರ ಹಿಡಿಯಲು ಹೊರಟ ರಾತ್ರಿ ಏನಾಗುತ್ತದೆ, ಯಾಕೆ ಕೆಲವು ಪ್ರಯತ್ನಗಳು ಗೆಲ್ಲುತ್ತವೆ, ಕೆಲವು ಸೋಲುತ್ತವೆ? 1950ರಿಂದ ಈಚೆಗೆ ಜಗತ್ತಿನಲ್ಲಿ ನಡೆದ ಇಂಥ ಪ್ರಯತ್ನಗಳಲ್ಲಿ ಸುಮಾರು ಅರ್ಧ ಸೋತಿವೆ. ಸೋಲು ಗೆಲುವು ನಿಂತಿರುವುದು ಬಂದೂಕಿನ ಲೆಕ್ಕದ ಮೇಲಲ್ಲ, ನಂಬಿಕೆಯ ಮೇಲೆ. ಪ್ರತಿಯೊಬ್ಬ ಕಮಾಂಡರನೂ ಆ ರಾತ್ರಿ ಯೋಚಿಸುವುದು ಒಂದೇ: ಉಳಿದವರು ಯಾವ ಕಡೆ? ಇದು ಗೆಲ್ಲುತ್ತದೆ ಎಂದು ಎಲ್ಲರಿಗೂ ಅನ್ನಿಸಿದರೆ ಗೆದ್ದೇಬಿಡುತ್ತದೆ. ರೇಡಿಯೋ, ಟಿವಿ ಕೇಂದ್ರಕ್ಕೆ ಮೊದಲು ನುಗ್ಗುವುದು ಅದಕ್ಕೇ.

ಸ್ಪೇನಿನ ಕತೆ ಕೇಳಿ. 1981ರ ಫೆಬ್ರವರಿ 23. ಮ್ಯಾಡ್ರಿಡ್‌ನ ಸಂಸತ್ತಿನಲ್ಲಿ ಹೊಸ ಪ್ರಧಾನಿಯ ಆಯ್ಕೆಗೆ ಹೆಸರು ಕೂಗಿ ಮತ ಕೇಳುತ್ತಿದ್ದರು. ಲೆಫ್ಟಿನೆಂಟ್ ಕರ್ನಲ್ ತೆಹೆರೋ ಇನ್ನೂರು ಸಶಸ್ತ್ರ ಸಿವಿಲ್ ಗಾರ್ಡ್‌ಗಳ ಜೊತೆ ಒಳಗೆ ನುಗ್ಗಿ, ಪಿಸ್ತೂಲು ಹಿಡಿದು ವೇದಿಕೆ ಏರಿದ. ಎಲ್ಲರೂ ನೆಲಕ್ಕೆ ಮಲಗಿ ಎಂದು ಕೂಗಿ ಮಾಳಿಗೆಗೆ ಗುಂಡು ಹಾರಿಸಿದರು. ಸದಸ್ಯರು ಮೇಜಿನಡಿ ಸೇರಿಕೊಂಡರು. ಮೂವರು ಮಾತ್ರ ಅಡಗಲಿಲ್ಲ. ನಿರ್ಗಮಿಸುತ್ತಿದ್ದ ಪ್ರಧಾನಿ ಸುವಾರೆಸ್ ತಮ್ಮ ಆಸನದಲ್ಲೇ ಕೂತರು. ಕಮ್ಯುನಿಸ್ಟ್ ನಾಯಕ ಕರಿಯ್ಯೋ ಕೂತಲ್ಲೇ ಕೂತರು. ಉಪಪ್ರಧಾನಿ ಗುತಿಯೆರೆಸ್ ಮೆಯ್ಯಾದೋ, ಸ್ವತಃ ಜನರಲ್, ಎಪ್ಪತ್ತರ ಹತ್ತಿರದ ಮನುಷ್ಯ, ಎದ್ದು ಹೋಗಿ ಆ ಬಂದೂಕುಧಾರಿಗಳನ್ನು ಗದರಿಸಿದರು. ಅವರನ್ನು ಹಿಡಿದೆಳೆದು ಬೀಳಿಸಲು ನೋಡಿದರೂ ಬೀಳಲಿಲ್ಲ. ಅತ್ತ ವಲೆನ್ಸಿಯಾ ನಗರದಲ್ಲಿ ಇನ್ನೊಬ್ಬ ಜನರಲ್ ಟ್ಯಾಂಕುಗಳನ್ನು ಬೀದಿಗಿಳಿಸಿದ್ದ. ದೊರೆ ಹುವಾನ್ ಕಾರ್ಲೋಸ್ ಪ್ರಾಂತಗಳ ಸೇನಾಧಿಕಾರಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದರು. ನಡುರಾತ್ರಿ ಒಂದು ಗಂಟೆ ದಾಟಿದ ಮೇಲೆ ಸೇನಾ ಸಮವಸ್ತ್ರ ತೊಟ್ಟು ಟಿವಿಯಲ್ಲಿ ಬಂದು, ಸಂವಿಧಾನವನ್ನು ಬಲದಿಂದ ಮುರಿಯುವುದನ್ನು ತಾನು ಸಹಿಸುವುದಿಲ್ಲ ಎಂದರು. ಅಷ್ಟೇ. ಕಾಯುತ್ತ ಕೂತಿದ್ದ ಅಧಿಕಾರಿಗಳಿಗೆ ಗಾಳಿ ಎತ್ತ ಎಂದು ತಿಳಿಯಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ತೆಹೆರೋ ಶರಣಾದ. ಒಬ್ಬರೂ ಸಾಯಲಿಲ್ಲ. ಆ ಗುಂಡಿನ ತೂತುಗಳನ್ನು ಮುಚ್ಚದೆ ಮಾಳಿಗೆಯಲ್ಲಿ ಹಾಗೇ ಉಳಿಸಿಕೊಂಡಿದ್ದಾರೆ.

ಇದರ ಪಕ್ಕಕ್ಕೆ 1999ರ ಅಕ್ಟೋಬರ್ 12ನ್ನು ಇಡಿ. ಪಾಕಿಸ್ತಾನದ ಪ್ರಧಾನಿ ನವಾಜ್ ಷರೀಫ್, ಕೊಲಂಬೊದಿಂದ ವಾಪಸು ಹಾರುತ್ತಿದ್ದ ಸೇನಾ ಮುಖ್ಯಸ್ಥ ಮುಷರಫ್ ಅವರನ್ನು ವಜಾ ಮಾಡಿ ಟಿವಿಯಲ್ಲಿ ಸುದ್ದಿ ಹಾಕಿಸಿದರು. ಕಾಯ್ದೆಯ ಪ್ರಕಾರ ಅದು ಪ್ರಧಾನಿಯ ಅಧಿಕಾರ. ಆದರೆ 198 ಜನರಿದ್ದ ನಾಗರಿಕ ವಿಮಾನವನ್ನು ಕರಾಚಿಯಲ್ಲಿ ಇಳಿಯಗೊಡಬೇಡಿ ಎಂಬ ಆದೇಶವೂ ಹೋಯಿತು. ಮಕ್ಕಳೂ ಇದ್ದ ವಿಮಾನ, ಇಂಧನ ಮುಗಿಯುತ್ತ ಬಂದಿತ್ತು. ರಾವಲ್ಪಿಂಡಿಯ 111 ಬ್ರಿಗೇಡಿನ ಸೈನಿಕರು ಪ್ರಧಾನಿ ನಿವಾಸ ಸುತ್ತುವರಿದರು. ಕೆಲವರು ಟಿವಿ ಕೇಂದ್ರದ ಬೀಗ ಹಾಕಿದ ಗೇಟನ್ನು ಹತ್ತಿ ಒಳಗೆ ಹಾರಿದರು. ಆ ಫೋಟೋ ಜಗತ್ತೆಲ್ಲ ನೋಡಿತು. ಕರಾಚಿ ನಿಲ್ದಾಣ ಸೇನೆಯ ಕೈಗೆ ಬಂದ ಮೇಲೆ, ಇನ್ನು ಕೆಲವೇ ನಿಮಿಷಕ್ಕಾಗುವಷ್ಟು ಇಂಧನವಿದ್ದಾಗ ವಿಮಾನ ಇಳಿಯಿತು. ಯಾವ ಮಂತ್ರಿಯೂ, ಯಾವ ಪಕ್ಷವೂ ಬೀದಿಗೆ ಬರಲಿಲ್ಲ. ಮರುದಿನ ಊರೂರಲ್ಲಿ ಸಿಹಿ ಹಂಚಿದರು. ಎರಡು ವರ್ಷದ ಹಿಂದೆ ಭಾರೀ ಬಹುಮತ ಕೊಟ್ಟಿದ್ದ ಜನ ಅವರೇ.

ಸ್ಪೇನಿನಲ್ಲಿ ನಡುರಾತ್ರಿ ಒಂದು ಮಾತು ಸಾಕಾಯಿತು, ಪಾಕಿಸ್ತಾನದಲ್ಲಿ ಮಾತೆತ್ತುವವರೇ ಇರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರಲ್ಲ, ಚುನಾಯಿತ ಸರ್ಕಾರದ ಮಾನವೂ ಹಾಗೆಯೇ. 1953, 54, 55ರಲ್ಲಿ ಅದು ಅಡಿಕೆಯಷ್ಟು ಅಡಿಕೆಯಷ್ಟೇ ಹೋಗಿತ್ತು.

ಈಗ ನಿಮ್ಮ ತಂದೆಯವರ ‘ಐದು ವರ್ಷ’ಕ್ಕೆ ಬರುತ್ತೇನೆ. 1977ರ ಜುಲೈ 5ರಂದು ಅಧಿಕಾರ ಹಿಡಿದ ಜಿಯಾ ಉಲ್ ಹಕ್ ಕೇಳಿದ್ದು ಐದು ವರ್ಷವಲ್ಲ, 90 ದಿನ. 90 ದಿನದಲ್ಲಿ ಚುನಾವಣೆ ಮಾಡಿಸಿ ಬ್ಯಾರಕ್ಕಿಗೆ ಮರಳುತ್ತೇನೆ ಎಂದರು. ಇಳಿದದ್ದು 11 ವರ್ಷದ ಮೇಲೆ, ಅದೂ ವಿಮಾನ ಅಪಘಾತದಲ್ಲಿ ಸತ್ತಾಗ. ನಡುವೆ, ತಮ್ಮನ್ನು ಹಿರಿಯರ ತಲೆ ದಾಟಿಸಿ ಸೇನಾ ಮುಖ್ಯಸ್ಥರನ್ನಾಗಿ ಮಾಡಿದ್ದ ಪ್ರಧಾನಿ ಭುಟ್ಟೋ ಅವರನ್ನೇ 1979ರಲ್ಲಿ ಗಲ್ಲಿಗೇರಿಸಿದರು. ಜಿಯಾ ಸುಳ್ಳುಗಾರರು ಎಂದು ಬಿಟ್ಟುಬಿಡಬಹುದು, ಆದರೆ ವಿಷಯ ಅದಕ್ಕಿಂತ ಆಳವಾಗಿದೆ. ಸಂವಿಧಾನ ಮುರಿದವನಿಗೆ ಕೆಳಗಿಳಿಯುವ ದಾರಿಯೇ ಇರುವುದಿಲ್ಲ. ಪಾಕಿಸ್ತಾನದ 1973ರ ಸಂವಿಧಾನದ 6ನೇ ವಿಧಿ ಅದನ್ನು ದೇಶದ್ರೋಹ ಎನ್ನುತ್ತದೆ, ಶಿಕ್ಷೆ ಮರಣದಂಡನೆ ಅಥವಾ ಜೀವಾವಧಿ ಸೆರೆ. ಇಳಿದರೆ ಕೊರಳಿಗೆ ಕುಣಿಕೆ ಎಂದಾದರೆ ಯಾರು ಇಳಿಯುತ್ತಾರೆ? ಹುಲಿಯ ಬೆನ್ನೇರಿದ ಮೇಲೆ ಸವಾರಿ ಮುಂದುವರಿಸಲೇಬೇಕು. ಒಳ್ಳೆಯ ಮನುಷ್ಯನನ್ನು ಕೂರಿಸಿದರೂ ಹುಲಿ ಹುಲಿಯೇ.

ಬರ್ಮಾದಲ್ಲಿ, ಅಂದರೆ ಇಂದಿನ ಮ್ಯಾನ್ಮಾರ್‌ನಲ್ಲಿ, ಇದಕ್ಕೆ ವಿರುದ್ಧವಾದ ಉದಾಹರಣೆ ಸಿಕ್ಕಿತ್ತು. 1958ರಲ್ಲಿ ಪ್ರಧಾನಿ ಊ ನು ತಾವಾಗಿಯೇ ಕರೆದು ಜನರಲ್ ನೆ ವಿನ್ ಕೈಗೆ ಆಡಳಿತ ಕೊಟ್ಟರು. ನೆ ವಿನ್ ಆಳಿದರು, 1960ರಲ್ಲಿ ಚುನಾವಣೆ ಮಾಡಿಸಿ ಮರಳಿ ಒಪ್ಪಿಸಿದರು. ಎಷ್ಟು ಒಳ್ಳೆಯ ಸೇನೆ ಎಂದು ಎಲ್ಲರೂ ಹೊಗಳಿದರು. 1962ರ ಮಾರ್ಚ್ 2ರಂದು ಅದೇ ನೆ ವಿನ್ ಊ ನು ಅವರನ್ನು ಬಂಧಿಸಿ ಮತ್ತೆ ಕೂತರು. ಈ ಸಲ 26 ವರ್ಷ.

ಶಿಸ್ತಿನ ವಿಚಾರಕ್ಕೂ ಇದೇ ನೆ ವಿನ್ ಸಾಕ್ಷಿ. 1987ರ ಸೆಪ್ಟೆಂಬರ್‌ನಲ್ಲಿ ಒಂದು ದಿನ 25, 35, 75 ಕ್ಯಾಟ್‌ಗಳ ನೋಟು ಚಲಾವಣೆಯಲ್ಲಿಲ್ಲ ಎಂದು ಘೋಷಿಸಿದರು. ಬದಲಿ ಹಣವನ್ನೂ ಕೊಡಲಿಲ್ಲ. ಆಮೇಲೆ ಬಂದದ್ದು 45 ಮತ್ತು 90 ಕ್ಯಾಟ್‌ಗಳ ನೋಟು, ಏಕೆಂದರೆ 9 ಅವರ ಅದೃಷ್ಟ ಸಂಖ್ಯೆ. ಮನೆಯಲ್ಲಿ ಕೂಡಿಟ್ಟ ಹಣ, ಹುಡುಗರು ಕಾಲೇಜು ಫೀಸಿಗೆ ಇಟ್ಟುಕೊಂಡ ಹಣ ಒಂದು ಬೆಳಗಿನಲ್ಲಿ ಕಾಗದವಾಯಿತು. 1988ರಲ್ಲಿ ವಿದ್ಯಾರ್ಥಿಗಳು ಬೀದಿಗೆ ಬಂದದ್ದಕ್ಕೆ ಇದೂ ಒಂದು ಕಾರಣ, ಮತ್ತು ಸೇನೆ ಪ್ರತಿಭಟನೆಗಿಳಿದ ಸಾವಿರಾರು ಜನರನ್ನು ಕೊಂದಿತು. ಆ ಆದೇಶ ಹೊರಡುವ ಮುಂಚೆ "ಸಾರ್, ಇದು ತಪ್ಪು" ಎನ್ನುವವರು ಆ ಸರ್ಕಾರದಲ್ಲಿ ಒಬ್ಬರೂ ಇರಲಿಲ್ಲ. ಸೇನೆಯ ಶಿಸ್ತೆಂದರೆ ಮೇಲಿನಿಂದ ಬಂದ ಆದೇಶವನ್ನು ಕೆಳಗೆ ಮುಟ್ಟಿಸುವುದು. ಯುದ್ಧದಲ್ಲಿ ಅದು ಜೀವ ಉಳಿಸುತ್ತದೆ. ಊರು ಆಳಲು ಬೇಕಾಗುವುದು ಕೆಳಗಿನ ಕೂಗು ಮೇಲೆ ಮುಟ್ಟುವ ದಾರಿ. ಕೆರೆ ಒಡೆದಿದೆ, ರೇಷನ್ ಬಂದಿಲ್ಲ, ಲೆಕ್ಕ ತಪ್ಪಿದೆ ಎಂದು ಬೈಯುವ ದಾರಿ. ಎರಡೂ ಬೇರೆ ಬೇರೆ ವಿದ್ಯೆ.

ಸೇನೆಯ ಆಡಳಿತದಲ್ಲಿ ಒಳ್ಳೆಯದೇ ಆಗಿಲ್ಲವೇ ಎಂದು ನೀವು ಕೇಳಬಹುದು. ಆಗಿದೆ. ಅಯೂಬ್ ಕಾಲದಲ್ಲಿ ಪಾಕಿಸ್ತಾನದ ಕೈಗಾರಿಕೆ ವೇಗವಾಗಿ ಬೆಳೆಯಿತು. ಆದರೆ ಅವರದೇ ಯೋಜನಾ ಆಯೋಗದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ 1968ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು, ಕೈಗಾರಿಕೆಯ ಮೂರರಲ್ಲಿ ಎರಡು ಪಾಲು 22 ಕುಟುಂಬಗಳ ಹಿಡಿತದಲ್ಲಿದೆ ಎಂದು. ದಕ್ಷಿಣ ಕೊರಿಯಾ ಶ್ರೀಮಂತವಾದದ್ದೂ ಜನರಲ್ ಆಳ್ವಿಕೆಯಲ್ಲೇ, ಅದನ್ನು ಮುಚ್ಚಿಡಲಾರೆ. ಅಲ್ಲಿನ ಜನ 1987ರಲ್ಲಿ ಬೀದಿಗಿಳಿದು ಮತದ ಹಕ್ಕು ಕಿತ್ತುಕೊಂಡರು ಎಂಬುದನ್ನೂ ಸೇರಿಸುತ್ತೇನೆ. ಪೋರ್ಚುಗಲ್‌ನಲ್ಲಂತೂ 1974ರ ಏಪ್ರಿಲ್ 25ರಂದು ಕಿರಿಯ ಅಧಿಕಾರಿಗಳು ಹಳೆಯ ಸರ್ವಾಧಿಕಾರವನ್ನೇ ಕೆಡವಿದರು, ಜನ ಅವರ ಬಂದೂಕಿನ ನಳಿಗೆಗೆ ಹೂ ಸಿಕ್ಕಿಸಿದರು, ಸರಿಯಾಗಿ ಒಂದು ವರ್ಷಕ್ಕೆ ಚುನಾವಣೆ ನಡೆಯಿತು. ಅಂಥದ್ದು ಅಪರೂಪ. ಅಲ್ಲಿ ಬಿದ್ದದ್ದು ಜನರು ಆರಿಸಿದ ಸರ್ಕಾರವಾಗಿರಲಿಲ್ಲ.

ನಷ್ಟ ಎಷ್ಟು ಎಂಬುದಕ್ಕೆ ನಾನು ತರಗತಿಯಲ್ಲಿ ಪೂರ್ವ ಬಂಗಾಳವನ್ನೇ, ಅಂದರೆ ಇಂದಿನ ಬಾಂಗ್ಲಾದೇಶವನ್ನೇ, ತೋರಿಸುತ್ತಿದ್ದೆ. ಪಾಕಿಸ್ತಾನದ ಅರ್ಧಕ್ಕಿಂತ ಹೆಚ್ಚು ಜನ ಅಲ್ಲಿದ್ದರು. ಸೇನೆಯಲ್ಲಿ ಬಂಗಾಳಿಗಳು ಬೆರಳೆಣಿಕೆ. ಮತದ ಲೆಕ್ಕದಲ್ಲಿ ದೇಶ ನಡೆದಿದ್ದರೆ ಎಷ್ಟೇ ಜಗಳವಾದರೂ ಅವರಿಗೆ ಪಾಲು ಸಿಗುತ್ತಿತ್ತು. ಸೇನೆಯ ಲೆಕ್ಕದಲ್ಲಿ ನಡೆದಾಗ ಅವರ ಪಾಲು ಸೊನ್ನೆ. 1958ರಲ್ಲಿ ನಿಲ್ಲಿಸಿದ ಆ ಮೊದಲ ಸಾರ್ವತ್ರಿಕ ಚುನಾವಣೆ ಕೊನೆಗೆ ನಡೆದದ್ದು 1970ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಹನ್ನೆರಡು ವರ್ಷದ ಕಹಿ ಕೂಡಿತ್ತು. ಬಂಗಾಳಿಗಳ ಪಕ್ಷ ಅವಾಮಿ ಲೀಗ್ ಪೂರ್ವದ 162 ಸಾಮಾನ್ಯ ಸ್ಥಾನಗಳಲ್ಲಿ 160 ಗೆದ್ದಿತು, 300ರ ಸಭೆಯಲ್ಲಿ ಸ್ಪಷ್ಟ ಬಹುಮತ. ಯಾಹ್ಯಾ ಖಾನ್ ಕರೆದ ಸಭೆಯನ್ನು ಮುಂದೂಡಿ ಸೇನೆಯನ್ನು ಕಳಿಸಿದರು. ಮುಂದಿನದು ನಿಮ್ಮ ತಂದೆಯವರಿಗೆ ನನಗಿಂತ ಚೆನ್ನಾಗಿ ಗೊತ್ತು. ಒಂದು ದೇಶ ಎರಡಾಯಿತು, ಲಕ್ಷಾಂತರ ಜನ ಸತ್ತರು, ಕೋಟಿಯಷ್ಟು ಜನ ಗಡಿ ದಾಟಿ ನಮ್ಮ ಕಡೆ ಬಂದರು. ರಾಜಕೀಯಕ್ಕಿಳಿದ ಆ ಸೇನೆ ಯುದ್ಧವನ್ನೂ ಸೋತಿತು.

ಇದರ ಜೊತೆಗೆ ಕಣ್ಣಿಗೆ ಕಾಣದ ನಷ್ಟವೊಂದಿದೆ. ಒಮ್ಮೆ ಸೇನೆ ಬಂದು ಹೋದ ದೇಶದಲ್ಲಿ ಚುನಾವಣೆ ಕೊನೆಯ ಮಾತಾಗಿ ಉಳಿಯುವುದಿಲ್ಲ. ಸೋತ ಪಕ್ಷ ಮುಂದಿನ ಚುನಾವಣೆಗೆ ಜನರ ಹತ್ತಿರ ಹೋಗುವ ಬದಲು ಸೇನಾ ಮುಖ್ಯ ಕಚೇರಿಯ ಕಡೆ ನೋಡುತ್ತದೆ. ಗೆದ್ದವನೂ ಅತ್ತಲೇ ನೋಡುತ್ತಾನೆ. ಪಾಕಿಸ್ತಾನದಲ್ಲಿ ಈವರೆಗೆ ಯಾವ ಪ್ರಧಾನಿಯೂ ಪೂರ್ತಿ ಐದು ವರ್ಷದ ಅವಧಿ ಮುಗಿಸಿಲ್ಲ, ಸೇನೆ ಬ್ಯಾರಕ್ಕಿನಲ್ಲೇ ಇದ್ದ ವರ್ಷಗಳಲ್ಲೂ.

ನಮ್ಮಲ್ಲಿ ಯಾಕೆ ಆಗಲಿಲ್ಲ? ಕಾಂಗ್ರೆಸ್ ಪಕ್ಷ ಹಳ್ಳಿಹಳ್ಳಿಗೂ ಬೇರು ಬಿಟ್ಟಿತ್ತು, 1950ಕ್ಕೇ ಸಂವಿಧಾನ ಬಂತು, 1952ರೊಳಗೆ ಮೊದಲ ಮಹಾ ಚುನಾವಣೆ ಮುಗಿಯಿತು. ಇವೆಲ್ಲ ಪುಸ್ತಕದಲ್ಲಿವೆ. ನನಗೆ ಹೆಚ್ಚು ಮುಖ್ಯವೆನಿಸುವುದು ಒಂದು ಮನೆಯ ಕತೆ. ಬ್ರಿಟಿಷರ ದೆಹಲಿಯಲ್ಲಿ ವೈಸ್‌ರಾಯ್ ಬಿಟ್ಟರೆ ಅತಿ ದೊಡ್ಡ ವ್ಯಕ್ತಿ ದಂಡನಾಯಕ. ವೈಸ್‌ರಾಯ್ ಅರಮನೆಯ ದಕ್ಷಿಣಕ್ಕೆ ಅವನ ಬಂಗಲೆ, ಫ್ಲ್ಯಾಗ್‌ಸ್ಟಾಫ್ ಹೌಸ್. ಸ್ವಾತಂತ್ರ್ಯದ ನಂತರ ಆ ಬಂಗಲೆಗೆ ವಾಸಕ್ಕೆ ಹೋದವರು ದಂಡನಾಯಕರಲ್ಲ, ಪ್ರಧಾನಿ ನೆಹರೂ. ಅದೇ ತೀನ್ ಮೂರ್ತಿ ಭವನ. ದೇಶದಲ್ಲಿ ಯಾರು ದೊಡ್ಡವರು ಎಂಬುದನ್ನು ಒಂದು ಮಾತೂ ಆಡದೆ ಪ್ರತಿಯೊಬ್ಬ ಜವಾನನಿಗೂ ತಿಳಿಸಿದ ವಿಳಾಸ ಬದಲಾವಣೆ ಅದು. ಅತ್ತ ಅಯೂಬ್ ಖಾನ್ ರಾಜಧಾನಿಯನ್ನೇ ಕರಾಚಿಯಿಂದ ಎತ್ತಿ, ರಾವಲ್ಪಿಂಡಿಯ ಸೇನಾ ಮುಖ್ಯ ಕಚೇರಿಯ ಮಗ್ಗುಲಲ್ಲಿ ಇಸ್ಲಾಮಾಬಾದ್ ಎಂಬ ಹೊಸ ಊರು ಕಟ್ಟಿಸಿದರು. 1999ರಲ್ಲಿ 111 ಬ್ರಿಗೇಡ್ ಪ್ರಧಾನಿ ನಿವಾಸ ತಲುಪಲು ದೂರ ಹೋಗಬೇಕಾಗಲಿಲ್ಲ.

1955ರಲ್ಲಿ ದಂಡನಾಯಕ ಎಂಬ ಹುದ್ದೆಯೇ ಹೋಗಿ ಭೂಸೇನೆ, ನೌಕಾಪಡೆ, ವಾಯುಪಡೆಗೆ ಸಮಾನ ಮೂವರು ಮುಖ್ಯಸ್ಥರಾದರು. ಕಾರ್ಯಪ್ಪನವರು ಆರ್ಥಿಕ ನೀತಿಯಂಥ ವಿಷಯಗಳ ಮೇಲೂ ಸಾರ್ವಜನಿಕವಾಗಿ ಮಾತಾಡತೊಡಗಿದಾಗ ನೆಹರೂ 1952ರಲ್ಲಿ ಪತ್ರ ಬರೆದು ಪತ್ರಿಕಾಗೋಷ್ಠಿ ಕಡಿಮೆ ಮಾಡಿ ಎಂದರು. ಕಾರ್ಯಪ್ಪನವರು ಮರುವರ್ಷ ನಿವೃತ್ತರಾದಾಗ ಸೈನಿಕರಿಗೆ ಕೊಟ್ಟ ವಿದಾಯ ಸಂದೇಶದಲ್ಲಿ ರಾಜಕೀಯದಿಂದ ದೂರವಿರಿ, ಚುನಾಯಿತ ಸರ್ಕಾರಕ್ಕೆ ನಿಷ್ಠರಾಗಿರಿ ಎಂದು ಹೇಳಿಯೇ ಹೊರಟರು. ಕೊಡಗಿನವರೇ ಆದ ಭೂಸೇನಾ ಮುಖ್ಯಸ್ಥ ತಿಮ್ಮಯ್ಯನವರು ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಮನಸ್ತಾಪವಾಗಿ 1959ರ ಆಗಸ್ಟ್ ಕೊನೆಗೆ ರಾಜೀನಾಮೆ ಕೊಟ್ಟರು. ನೆಹರೂ ಮಾತಿಗೆ ವಾಪಸು ಪಡೆದರು. ಪಕ್ಕದ ದೇಶದಲ್ಲಿ ಅಯೂಬ್ ಬಂದು ವರ್ಷವೂ ತುಂಬಿರದ ದಿನಗಳವು, ದೆಹಲಿಯಲ್ಲಿ ಗುಸುಗುಸು ಹಬ್ಬಿತ್ತು. ಜವಾನರು ದೇವರಂತೆ ಕಾಣುತ್ತಿದ್ದ ಜನರಲ್ ಅವರು. ಅವರ ಅಸಮಾಧಾನ ಹೊರಬಂದದ್ದು ಒಂದು ಕಾಗದದ ಮೇಲೆ, ಮತ್ತು ಮರಳಿ ಕೆಲಸಕ್ಕೆ ಹೋದರು. ಕೊಡಗು ಈ ದೇಶಕ್ಕೆ ಕೊಟ್ಟಿದ್ದರಲ್ಲಿ ಕಾಫಿಗಿಂತ, ಕಾವೇರಿಗಿಂತ ಕಡಿಮೆಯಲ್ಲದ್ದು ಈ ಸಂಯಮ ಎಂದು ನಾನು ನಂಬಿದ್ದೇನೆ.

ಇದಕ್ಕೆ ಬೆಲೆಯೂ ತೆತ್ತಿದ್ದೇವೆ. ಜನರಲ್‌ಗಳ ಮಾತಿಗೆ ಕಿವಿಗೊಡದ ಸರ್ಕಾರ 1962ರಲ್ಲಿ ಚೀನಾದ ಗಡಿಯಲ್ಲಿ ಸೈನಿಕರನ್ನು ಸರಿಯಾದ ಬಟ್ಟೆ, ಬೂಟು ಇಲ್ಲದೆ ಹಿಮದಲ್ಲಿ ನಿಲ್ಲಿಸಿತು. ಸೇನೆ ಸರ್ಕಾರದ ಅಧೀನದಲ್ಲಿರಬೇಕು ಎಂದರೆ ಅದರ ಬಾಯಿ ಮುಚ್ಚಿಸಬೇಕು ಎಂದಲ್ಲ. ಮತ್ತೆ, ಸೇನೆ ಬ್ಯಾರಕ್ಕಿನಲ್ಲಿದ್ದ ಮಾತ್ರಕ್ಕೆ ಪ್ರಜಾಪ್ರಭುತ್ವ ಭದ್ರ ಎಂದೂ ಅಲ್ಲ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಹೇರಿ ವಿರೋಧ ಪಕ್ಷದವರನ್ನು ಜೈಲಿಗೆ ತಳ್ಳಿದ್ದು ಚುನಾಯಿತ ಪ್ರಧಾನಿ, ಅದಕ್ಕೆ ಸಹಿ ಹಾಕಿದ್ದು ರಾಷ್ಟ್ರಪತಿ. ಅಲ್ಲಿ ಬೂಟಿನ ಸದ್ದೇ ಇರಲಿಲ್ಲ. ಹಗರಣದ ಸುದ್ದಿ ನೋಡಿ ನಿಮ್ಮ ತಂದೆ ಸಿಟ್ಟಾಗುವುದು ನ್ಯಾಯವೇ. ಆ ಹಗರಣ ಟಿವಿಯವರೆಗೆ ಬಂದದ್ದು ಯಾವುದೋ ಲೆಕ್ಕ ಪರಿಶೋಧಕ, ಯಾವುದೋ ವರದಿಗಾರ, ಯಾವುದೋ ಕೋರ್ಟು ಇನ್ನೂ ಕೆಲಸ ಮಾಡುತ್ತಿರುವುದರಿಂದ.

ಊಟಕ್ಕೆ ಕೂತಾಗ ಅವರನ್ನು ಒಂದು ವಿಷಯ ಕೇಳಿ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಲೋಕಸಭೆಯಲ್ಲಿ ಒಂದೇ ಒಂದು ಮತದಿಂದ ಬಿತ್ತು, 269ಕ್ಕೆ 270. ಮೇ ತಿಂಗಳಲ್ಲಿ ಕಾರ್ಗಿಲ್ ಶುರುವಾದಾಗ ದೆಹಲಿಯಲ್ಲಿದ್ದದ್ದು ಉಸ್ತುವಾರಿ ಸರ್ಕಾರ. ಬಹುಮತ ಕಳೆದುಕೊಂಡ ಆ ಪ್ರಧಾನಿ ನಿಯಂತ್ರಣ ರೇಖೆ ದಾಟಕೂಡದು ಎಂದರು, ನಮ್ಮ ಸೈನಿಕರು ದಾಟದೆಯೇ, ಕೆಳಗಿನಿಂದ ಕಡಿದಾದ ಗುಡ್ಡ ಹತ್ತಿ ಹೋರಾಡಿದರು. 527 ಜನ ಹಿಂದಿರುಗಲಿಲ್ಲ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಚುನಾವಣೆ ನಡೆಯಿತು. ಅಕ್ಟೋಬರ್ 13ರ ನಸುಕಿನಲ್ಲಿ, ಕಾರ್ಗಿಲ್ ಯುದ್ಧ ಹೂಡಿದ್ದ ಮುಷರಫ್ ಪಾಕಿಸ್ತಾನದ ಟಿವಿಯಲ್ಲಿ ಸಮವಸ್ತ್ರದಲ್ಲಿ ಬಂದು ದೇಶ ತಮ್ಮ ಕೈಯಲ್ಲಿದೆ ಎಂದರು. ಅದೇ ಅಕ್ಟೋಬರ್ 13ರಂದು ದೆಹಲಿಯಲ್ಲಿ ವಾಜಪೇಯಿ ಮತ್ತೆ ಪ್ರಮಾಣವಚನ ತೆಗೆದುಕೊಂಡರು. ಏಪ್ರಿಲ್ 17ರಂದು ಸರ್ಕಾರ ಬಿದ್ದ ಸುದ್ದಿ ಬಂದಾಗ, ಅಕ್ಟೋಬರ್ 13ರಂದು ಹೊಸ ಸರ್ಕಾರ ಬಂದಾಗ, ನಿಮ್ಮ ತಂದೆಯವರ ಯೂನಿಟ್‌ನಲ್ಲಿ ಏನು ನಡೆಯಿತು ಎಂದು ಕೇಳಿ. ಬೆಳಗ್ಗೆ ಪಿ.ಟಿ. ಆಗಿರುತ್ತದೆ, ಸಂಜೆ ರೋಲ್ ಕಾಲ್ ಆಗಿರುತ್ತದೆ.